ಬಿಳಿ ಚುಕ್ಕೆ ಒರೆಸಿದವಳು

ನನ್ನ ಓರಗಿತ್ತಿಯನ್ನು ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ಅವಳು ಆಯಾ ಆಗಿದ್ದ ಶಿಶುವಿಹಾರದ ಮಕ್ಕಳು ಅವಳಿಗೆ ಬಾಚಣಿಗೆ ಅಂತ ಹೆಸರಿಟ್ಟಿದ್ದವು. ಮಕ್ಕಳ ಬಾಯಿಂದ ಅದು ತಾಯಂದಿರ ಬಾಯಿಗೆ ಹೋಯಿತು, ಅಲ್ಲಿಂದ ಬೀದಿಯವರ ಬಾಯಿಗೆ, ಕೊನೆಗೆ ನಮ್ಮ ಮನೆಯೊಳಕ್ಕೂ ಬಂದು ಕೂತಿತು. ಅವಳ ಏಪ್ರನ್ನಿನ ಜೇಬಿನಲ್ಲಿ ಒಂದು ಸಣ್ಣ ಬಾಚಣಿಗೆ, ಒಂದು ಒದ್ದೆ ಬಟ್ಟೆ ಯಾವಾಗಲೂ ಇರುತ್ತಿದ್ದವು. ಮಗು ಕೈಗೆ ಸಿಕ್ಕಿತೆಂದರೆ ಮೊದಲು ಮೂಗು, ಆಮೇಲೆ ಬಾಯಿ, ಆಮೇಲೆ ತಲೆ. ಈ ಸರದಿ ತಪ್ಪಿದ್ದನ್ನು ನಾನು ಕೇಳಿಲ್ಲ. ಮನೆಗೆ ಬಂದರೂ ಅವಳ ಕೈ ಸುಮ್ಮನಿರದು. ನಾನು ಮೆಟ್ಟಿಲ ಮೇಲೆ ಕೂತು ಬಟಾಣಿ ಬಿಡಿಸುತ್ತಿದ್ದರೆ ಹಿಂದಿನಿಂದ ಬಂದು ನನ್ನ ನರೆಗೂದಲನ್ನು ಕಿವಿಯ ಹಿಂದೆ ಸಿಕ್ಕಿಸುವಳು. ಬಿಡೇ, ನನ್ನ ಮುಖ ಯಾರು ನೋಡಬೇಕು ಅಂದರೆ, ನಾನು ನೋಡಬೇಕಲ್ಲ ಅಕ್ಕ, ದಿನಾ, ಅನ್ನುವಳು.

ಅಣ್ಣತಮ್ಮಂದಿರ ಕೈಹಿಡಿದು ಒಂದೇ ಮನೆಗೆ ಸೇರಿದವರು ನಾವು. ಅವರಿಬ್ಬರೂ ಹೋದ ಮೇಲೆ ಎರಡು ಕೋಣೆ, ಒಂದು ಅಡುಗೆಮನೆ ನಮಗೆ ಉಳಿಯಿತು. ನಾನು ಹೊರಗೆ ಹೋಗುವುದು ಕಡಿಮೆ. ಅವಳು ದಿನವೆಲ್ಲ ಕಂಡದ್ದನ್ನು ಸಂಜೆ ಬಂದು ಹೇಳುತ್ತಿದ್ದಳು, ನಾನು ಕೇಳುತ್ತಿದ್ದೆ. ಯಾವ ಮಗು ಯಾವ ಮಗುವನ್ನು ಕಚ್ಚಿತು, ಯಾವ ತಾಯಿ ಯಾವ ಗಂಡನನ್ನು ಬಿಟ್ಟಳು, ಎಲ್ಲವೂ ನನಗೆ ಗೊತ್ತು. ಆ ಶಿಶುವಿಹಾರದೊಳಗೆ ನಾನು ಕಾಲಿಟ್ಟದ್ದು ಒಂದೆರಡು ಸಲ ಇರಬಹುದು. ಆದರೂ ಕಣ್ಣು ಕಟ್ಟಿ ಬಿಟ್ಟರೂ ಅಲ್ಲಿ ಓಡಾಡಿಕೊಂಡು ಬರುತ್ತೇನೆ.

ಒಂದು ಹೊಲಿಗೆ ಅಂಗಡಿಯ ಕೆಳಗಿನ ಉದ್ದನೆಯ ಕೋಣೆ ಅದು. ಮೇಲೆ ಮಿಷನ್ನುಗಳು ಗಡಗಡ ಅನ್ನುತ್ತಿದ್ದರೆ ಕೆಳಗೆ ಮಕ್ಕಳು ನಿದ್ದೆ ಹೋಗಬೇಕು. ಇದ್ದ ಒಂದು ಕಿಟಕಿ ಪಕ್ಕದ ಕಟ್ಟಡದ ಗೋಡೆಯನ್ನು ನೋಡುತ್ತಿತ್ತು, ಆದ್ದರಿಂದ ಹಗಲಿನಲ್ಲೂ ಟ್ಯೂಬ್‌ಲೈಟು. ಮೂಲೆಯಲ್ಲಿ ಗೋಡೆ ನೀರು ಕುಡಿದು ಉಬ್ಬಿತ್ತು. ಅದರ ಕೆಳಗೆ ಮಕ್ಕಳ ಎತ್ತರಕ್ಕೆ ಬಣ್ಣದ ಕಡ್ಡಿಯಲ್ಲಿ ಗೀಚಿದ ಗೀಟುಗಳು. ಹಾಲು ಚೆಲ್ಲಿದ ವಾಸನೆ, ಅದರ ಮೇಲೆ ನೆಲ ಒರೆಸುವ ಔಷಧಿಯ ವಾಸನೆ. ಬಾಗಿಲ ಪಕ್ಕದ ಮೇಜು ಮೇಡಮ್ಮಿನದು. ಶಿಶುವಿಹಾರ ಅವರದ್ದೇ. ಕೆಟ್ಟ ಹೆಂಗಸಲ್ಲ ಅಂತಲೇ ಎಲ್ಲರೂ ಹೇಳುತ್ತಿದ್ದರು, ಬಾಚಣಿಗೆಯೂ ಹೇಳುತ್ತಿದ್ದಳು.

ಅಲ್ಲಿಯ ಒಂದು ಪದ್ಧತಿಯೆಂದರೆ ಮಧ್ಯಾಹ್ನದ ಫೋಟೋ. ಊಟವಾಗಿ, ಮಲಗಿಸುವ ಮುಂಚೆ, ಒಂದೊಂದು ಮಗುವನ್ನೂ ನಿಲ್ಲಿಸಿ, ಶಿಶುವಿಹಾರದ ಫೋನಿನಲ್ಲಿ ಫೋಟೋ ತೆಗೆದು ಅದರ ತಾಯಿಗೆ ಕಳಿಸುವುದು. ಕೋಣೆ ಕತ್ತಲಾದ್ದರಿಂದ ಫ್ಲಾಶು ಹಾಕಿಯೇ ತೆಗೆಯಬೇಕು. ಆ ಫೋಟೋ ಬಂದಮೇಲೆಯೇ ಎಷ್ಟೋ ತಾಯಂದಿರು ಕೆಲಸದ ಜಾಗದಲ್ಲಿ ತಮ್ಮ ಊಟದ ಡಬ್ಬಿ ಬಿಚ್ಚುತ್ತಿದ್ದರು. ಹಾಗಾಗಿ ಈ ಕೆಲಸವನ್ನು ಅವಳು ಹಗುರವಾಗಿ ತೆಗೆದುಕೊಂಡವಳೇ ಅಲ್ಲ. ಮೂಗು, ಬಾಯಿ, ತಲೆ, ಆಮೇಲೆ ಅಂಗಿಯ ಗುಂಡಿ, ಆಮೇಲೆ ಫೋಟೋ.

ಆದರೆ ಮಕ್ಕಳು ಗೊಂಬೆಗಳೇ? ಅಳುತ್ತಿದ್ದವು. ಅತ್ತ ಮುಖದ ಫೋಟೋ ಹೋದರೆ ಆ ಕಡೆಯಿಂದ ಫೋನು: ಯಾಕೆ ಅಳ್ತಿದ್ದಾನೆ, ಹೊಡೆದ್ರಾ, ಜ್ವರಾನಾ, ನಾನು ಬರಲಾ. ಹೀಗೆ ಒಬ್ಬಳು ಕೆಲಸ ಬಿಟ್ಟು ಓಡಿ ಬಂದಾಗ ಮಗು ಗೊರಕೆ ಹೊಡೆಯುತ್ತಿತ್ತಂತೆ. ಅವಳ ಮೇಲಧಿಕಾರಿ ಅವಳಿಗೆ ಚೆನ್ನಾಗಿ ಉಗಿದನಂತೆ. ಅದಾದ ಮೇಲೆ ಮೇಡಮ್ಮು ಫೋನಿಗೆ ಹೊಸದೊಂದು ಆ್ಯಪ್ ಹಾಕಿಸಿಕೊಂಡು ಬಂದರು. ಬಾಯಲ್ಲಿ ಹೇಳಿದರೆ ಸಾಕು, ಫೋಟೋವನ್ನು ಅದೇ ತಿದ್ದುತ್ತದೆ. ಅಳು ತೆಗಿ ಅಂದರೆ ಅಳು ಹೋಯಿತು. ನಗಿಸು ಅಂದರೆ ನಕ್ಕಿತು.

ಶುರುವಿನಲ್ಲಿ ಅದೊಂದು ತಮಾಷೆ. ಎರಡೇ ಹಲ್ಲು ಬಂದ ಕೂಸಿಗೆ ಬಾಯಿ ತುಂಬ ದೊಡ್ಡವರ ಹಲ್ಲು ಕೂರಿಸಿತ್ತಂತೆ. ಅದನ್ನು ಅಡುಗೆಮನೆಯಲ್ಲಿ ಅಭಿನಯ ಮಾಡಿ ತೋರಿಸಿ ತಾನೂ ನಕ್ಕಳು, ನನ್ನನ್ನೂ ನಗಿಸಿದಳು. ಇನ್ನೊಂದು ಮಗುವಿಗೆ ಆರನೆಯ ಬೆರಳು ಬಂದಿತ್ತು. ಆದರೆ ಈ ತಮಾಷೆ ಬಹಳ ಕಾಲ ನಡೆಯಲಿಲ್ಲ. ಆ್ಯಪ್ ತಾನೇ ತಾನಾಗಿ ಕಲಿಯುತ್ತ ಹೋಯಿತು. ಮಳೆಗಾಲ ಮುಗಿಯುವ ಹೊತ್ತಿಗೆ ನಿಜವಾಗಿ ನಕ್ಕ ಮಗು ಯಾವುದು, ನಗಿಸಿದ ಮಗು ಯಾವುದು ಅಂತ ತೆಗೆದವಳಿಗೇ ತಿಳಿಯದಂತಾಯಿತು. ಅವಳ ಮಾತಿನಲ್ಲೇ ಹೇಳುವುದಾದರೆ, ಹೆತ್ತವಳು ಹಾಕಿದ ನಗುವಿಗಿಂತ ಫೋನು ಹಾಕಿದ ನಗುವೇ ಚೆನ್ನಾಗಿತ್ತು. ಗೋಡೆಯ ಉಬ್ಬು ಹೋಯಿತು, ಗೀಟುಗಳು ಹೋದವು, ಕಿಟಕಿಯಲ್ಲಿ ಒಂದು ಮರವೂ ಬಂತು.

"ಅಲ್ವೇ, ಗೋಡೆಗೆ ನಿಜವಾದ ಸುಣ್ಣ ಯಾವಾಗ?" ಅಂದೆ ನಾನು.

"ಹೊಡೆಸೋ ಯೋಚನೇನೇ ಬಿಟ್ಟಿದ್ದಾರೆ ಅಕ್ಕ. ಫೋಟೋದಲ್ಲಿ ಬೆಳ್ಳಗಿದೆಯಲ್ಲ" ಅಂದಳು.

ಅವಳಿಗೂ ಒಂದಿಷ್ಟು ಅಳುಕಿತ್ತು. ತಾಯಂದಿರಿಗೆ ಹೇಳಬೇಡವೇ ಅಂತ ಮೇಡಮ್ಮನ್ನು ಕೇಳಿದ್ದಳು. ಮೇಡಮ್ಮು ಅವಳ ಬೆನ್ನು ತಟ್ಟಿ, ಮಗುವಿನ ಮೂಗು ಒರೆಸಿ ಫೋಟೋ ತೆಗೀತೀಯಲ್ಲ, ಅದನ್ನ ಯಾರಿಗಾದರೂ ಹೇಳ್ತೀಯಾ, ಇದೂ ಹಾಗೇ, ಆಗ ಬಟ್ಟೆಯಲ್ಲಿ ಒರೆಸ್ತಿದ್ದೆ, ಈಗ ಫೋನಲ್ಲಿ ಒರೆಸ್ತೀಯ ಅಂದರು. ಆ ಮಾತು ಅವಳಿಗೆ ಹಿಡಿಸಿಬಿಟ್ಟಿತು. ಜನ್ಮವಿಡೀ ಒರೆಸಿದ ಕೈ ಅದು. ಹೇಳಬೇಡ ಅಂತ ಮೇಡಮ್ಮು ಬಾಯಿಬಿಟ್ಟು ಹೇಳಲಿಲ್ಲ, ಹೇಳುವ ಅಗತ್ಯ ಏನಿದೆ ಅಂತ ಅಷ್ಟೇ ಅಂದರು. ಕೆಲಸ ಮಾಡುವವರಿಗೆ ಎರಡೂ ಒಂದೇ.

ಬುಗುರಿ ಅನ್ನುವ ಹುಡುಗಿ ಸೇರಿದ್ದು ಆ ವರ್ಷ. ಬಸ್ ನಿಲ್ದಾಣದಲ್ಲಿ ಟಿಕೆಟ್ ಕೌಂಟರಿನಲ್ಲಿ ಕೂರುವವಳ ಮಗಳು. ಇನ್ನೂ ಮಾತು ಸರಿಯಾಗಿ ಬಾರದ ವಯಸ್ಸು. ಗಂಡ ಬೇರೆ ಊರಲ್ಲಿ ಕೆಲಸದಲ್ಲಿದ್ದ, ಕೌಂಟರಿನವಳು ಒಬ್ಬಳೇ ಮಗುವನ್ನು ಕಟ್ಟಿಕೊಂಡು ಏಗುತ್ತಿದ್ದಳು. ಯಾವುದನ್ನಾದರೂ ನೋಡಬೇಕಾದರೆ ಮಗು ಇಡೀ ಮೈಯನ್ನೇ ಎಡಕ್ಕೆ ತಿರುಗಿಸುತ್ತಿತ್ತು, ತಿರುಗಿ ತಿರುಗಿ ಕೆಲವು ಸಲ ಬೀಳುತ್ತಿತ್ತು. ಅದಕ್ಕೇ ಬಾಚಣಿಗೆ ಅವಳನ್ನು ಬುಗುರಿ ಅಂತ ಕರೆದದ್ದು. ಎಲ್ಲರೂ ನಕ್ಕರು, ತಾಯಿಯೂ ನಕ್ಕಳು. ಆ ಹುಡುಗಿ ಬಾಚಣಿಗೆಯನ್ನು ಬಿಟ್ಟು ಇನ್ನೊಬ್ಬರ ಕೈಯಲ್ಲಿ ಊಟ ಮಾಡುತ್ತಿರಲಿಲ್ಲ. ಸಂಜೆಯ ವರದಿಯಲ್ಲಿ ಅರ್ಧ ಭಾಗ ಬುಗುರಿಯದೇ ಆಗಿರುತ್ತಿತ್ತು.

ಚಳಿ ಶುರುವಾದಾಗ ಒಂದು ದಿನ ಬುಗುರಿಯ ಫೋಟೋದಲ್ಲಿ ಎಡಗಣ್ಣಿನ ನಡುವೆ ಒಂದು ಬಿಳಿ ಚುಕ್ಕೆ ಬಂತು. ಕತ್ತಲಲ್ಲಿ ಗಾಡಿಯ ದೀಪ ಬಿದ್ದಾಗ ಬೆಕ್ಕಿನ ಕಣ್ಣು ಹೊಳೆಯುತ್ತದಲ್ಲ, ಹಾಗೆ. ಬಾಚಣಿಗೆ ಮೊದಲು ಒದ್ದೆ ಬಟ್ಟೆಯಿಂದ ಮಗುವಿನ ಕಣ್ಣು ಒರೆಸಿದಳು, ಗೀಜು ಇರಬೇಕು ಅಂತ. ಮತ್ತೆ ತೆಗೆದಳು. ಚುಕ್ಕೆ ಅಲ್ಲೇ ಇತ್ತು. ಫ್ಲಾಶಿನ ಕಲೆ ಇರಬೇಕು ಅಂತ ಮಗುವನ್ನು ಓರೆಯಾಗಿ ನಿಲ್ಲಿಸಿದಳು. ಆಗಲೂ ಬಂತು. ಹಿಂದೆ ಇನ್ನೂ ಎಷ್ಟೋ ಮಕ್ಕಳು ಸಾಲಾಗಿ ನಿಂತಿದ್ದವು, ಒಂದು ಚಡ್ಡಿ ಒದ್ದೆ ಮಾಡಿಕೊಂಡಿತ್ತು. ಕಣ್ಣಲ್ಲಿರೋ ಬಿಳಿ ಚುಕ್ಕೆ ತೆಗಿ ಅಂತ ಫೋನಿಗೆ ಹೇಳಿದಳು. ಫೋನು ತೆಗೆಯಿತು.

ಆಮೇಲೆ ಅದು ಅಭ್ಯಾಸವಾಯಿತು. ಕೆಲವು ದಿನ ಚುಕ್ಕೆ ಬರುತ್ತಿರಲಿಲ್ಲ, ಬಂದ ದಿನ ತೆಗೆಯುತ್ತಿದ್ದಳು. ಎಡಗಣ್ಣು ಒಂದಿಷ್ಟು ಓರೆ ಅನ್ನಿಸಿದರೆ ಅದನ್ನೂ ನೇರ ಮಾಡಿಸುತ್ತಿದ್ದಳು. ಒಂದು ಕಣ್ಣಿಗೆ ದೀಪ ಹಚ್ಚಿಕೊಂಡು ಬರ್ತಾಳೆ ಕಳ್ಳಿ ಅಂತ ನನ್ನ ಹತ್ತಿರ ಹೇಳಿದ್ದೂ ಉಂಟು.

ಆದರೆ ಕೈಯಲ್ಲಿ ಬೆಳೆಸುವ ಮಗುವಿನ ವಿಷಯ ಫೋಟೋದಲ್ಲಿ ಮುಗಿಯುವುದಿಲ್ಲ. ಬುಗುರಿ ಬಾಗಿಲ ಚೌಕಟ್ಟಿಗೆ ಎಡಭುಜ ತಾಗಿಸಿಕೊಳ್ಳುತ್ತಿದ್ದಳು. ಎಡಗಡೆಯಿಂದ ಲೋಟ ಕೊಟ್ಟರೆ ಕೈ ಎಲ್ಲೋ ಚಾಚುತ್ತಿದ್ದಳು. ಇದು ಬಾಚಣಿಗೆಯ ಮನಸ್ಸನ್ನು ಕೊರೆಯತೊಡಗಿತು. ಅವಳಿಗೆ ರೋಗರುಜಿನದ ಜ್ಞಾನವಿಲ್ಲ, ಆದರೂ ಏನೋ ಸರಿಯಿಲ್ಲ ಅನ್ನುವುದು ಕೈಗೆ ಗೊತ್ತಾಗುತ್ತದೆ. ಕರೆದುಕೊಂಡು ಹೋಗಲು ಬಂದ ತಾಯಿಗೆ ಒಂದು ಸಂಜೆ ಹೇಳಿಯೇಬಿಟ್ಟಳು, ಮಗು ಎಡಗಣ್ಣಲ್ಲಿ ಸರಿಯಾಗಿ ನೋಡ್ತಿಲ್ಲ ಅನ್ಸುತ್ತೆ ತಾಯಿ, ಒಂದ್ಸಲ ಡಾಕ್ಟರಿಗೆ ತೋರಿಸಿ ಅಂತ.

ಕೌಂಟರಿನವಳು ದಿನವೆಲ್ಲ ಗಾಜಿನ ತೂತಿನಲ್ಲಿ ಜನರ ಬೈಗುಳ ಕೇಳಿ ಬಂದವಳು. ಮಗುವನ್ನು ಸೊಂಟಕ್ಕೆ ಏರಿಸಿಕೊಂಡು, ಇನ್ನೊಂದು ಕೈಯಲ್ಲಿ ಫೋನು ತೆಗೆದಳಂತೆ.

"ನೋಡಿ ಆಂಟಿ, ನೀವೇ ಕಳಿಸಿದ್ದು, ಇವತ್ತಿಂದೇ. ಎಷ್ಟು ನೆಟ್ಟಗೆ ನೋಡ್ತಿದ್ದಾಳೆ. ಸುಮ್ನೆ ಹೆದರಿಸಬೇಡಿ ನನ್ನ" ಅಂದಳು.

ಫೋಟೋದಲ್ಲಿ ಎರಡು ಕಪ್ಪು ಕಣ್ಣು, ಜೋಡಿಸಿಟ್ಟ ಹಾಗೆ. ಆ ದಿನವೂ ಬಾಚಣಿಗೆಯೇ ಹೇಳಿ ಮಾಡಿಸಿದ ಕಣ್ಣು. ಪಕ್ಕದ ಮೇಜಿನಲ್ಲಿ ಮೇಡಮ್ಮು ತಲೆಯೆತ್ತದೆ ಕೂತಿದ್ದರು. ತಲೆ ಎತ್ತದಿದ್ದರೂ ಅವರ ಪೆನ್ನು ನಿಂತಿತ್ತು. ಬಾಚಣಿಗೆ ನಾಲಿಗೆ ಕಚ್ಚಿಕೊಂಡಳು. ಹೌದು ತಾಯಿ, ನನ್ನ ಕಣ್ಣೇ ಮಂಜಾಗಿರಬೇಕು ಅಂದಳು. ಕೌಂಟರಿನವಳು ನಕ್ಕು, ಮಗುವಿನ ಕೈಯಿಂದ ಟಾಟಾ ಮಾಡಿಸಿ ಹೋದಳು.

ಆವತ್ತು ರಾತ್ರಿ ಬಾಚಣಿಗೆ ಊಟಕ್ಕೆ ಏಳಲಿಲ್ಲ. ಇರುವ ವಿಷಯ ಹೇಳಿಬಿಡಬೇಕಿತ್ತು ಕಣೇ ಅಂದೆ. ಮೇಡಮ್ಮು ಅಲ್ಲೇ ಕೂತಿದ್ರು ಅಕ್ಕ ಅಂದಳು. ನಾಳೆ ಹೇಳು ಅಂದೆ. ಹೂಂ ಅಂದಳು. ನಾಳೆ, ನಾಡಿದ್ದು ಅನ್ನುತ್ತಲೇ ಚಳಿಗಾಲ ಕಳೆಯಿತು. ಯಾರನ್ನೂ ನೋಯಿಸದೆ ಬದುಕುತ್ತೇನೆ ಅನ್ನುವವರ ಹಣೆಬರಹವೇ ಇಷ್ಟು. ಹೇಳುವ ಗಳಿಗೆ ಬಂದಾಗ ಅವರ ಬಾಯಿ ಹೊಲಿದುಕೊಂಡುಬಿಡುತ್ತದೆ.

ಗೊತ್ತಾದದ್ದು ಬಿಸಿಲು ಏರಿದ ಮೇಲೆ. ಒಂದು ಸಂಜೆ ಮನೆಯ ಬಾಗಿಲಲ್ಲಿ ಮಗು ತಲೆ ಎತ್ತಿದಾಗ, ಇಳಿಬಿಸಿಲು ಓರೆಯಾಗಿ ಕಣ್ಣಿಗೆ ಬಿದ್ದು, ಒಳಗೆ ಬೆಳ್ಳಗೆ ಏನೋ ಮಿಂಚಿದ್ದನ್ನು ತಾಯಿ ನೋಡಿದಳು. ಮರುದಿನ ರಜೆ ಹಾಕಿ ಕಣ್ಣಿನ ಆಸ್ಪತ್ರೆಗೆ ಹೋದಳು. ಡಾಕ್ಟರು ಕಣ್ಣೊಳಗೆ ಬೆಳಕು ಬಿಟ್ಟು ಬಹಳ ಹೊತ್ತು ನೋಡಿದರು. ಇನ್ನೊಬ್ಬ ಡಾಕ್ಟರನ್ನು ಕರೆಸಿದರು. ಕಣ್ಣಿನ ಒಳಗೆ ಗೆಡ್ಡೆ ಬೆಳೆದಿದೆ, ಚಿಕ್ಕ ಮಕ್ಕಳಿಗೆ ಬರುವ ಕಾಯಿಲೆ ಇದು, ಈಗ ಕಣ್ಣು ತೆಗೆಯದಿದ್ದರೆ ಜೀವಕ್ಕೇ ಅಪಾಯ ಅಂದರು.

ಆಮೇಲೆ ಅವರು ಕೇಳಿದ ಪ್ರಶ್ನೆಯೇ ಎಲ್ಲವನ್ನೂ ಎಳೆದು ಹೊರಗೆ ಹಾಕಿದ್ದು. ಫ್ಲಾಶು ಹಾಕಿ ತೆಗೆದ ಫೋಟೋದಲ್ಲಿ ಬಿಳಿ ಹೊಳಪು ಕಂಡಿರಲಿಲ್ಲವೇ, ಎಷ್ಟೋ ತಂದೆತಾಯಿ ಅದನ್ನು ನೋಡಿಯೇ ನಮ್ಮ ಹತ್ತಿರ ಬೇಗ ಬರುತ್ತಾರೆ ಅಂದರು. ಕೌಂಟರಿನವಳು ಫೋನು ತೆಗೆದು ತೋರಿಸಿದಳು. ಒಂದರಲ್ಲೂ ಇಲ್ಲ. ತಾನು ಮನೆಯಲ್ಲಿ ತೆಗೆದವು ಫ್ಲಾಶಿಲ್ಲದವು. ಶಿಶುವಿಹಾರದಿಂದ ಬಂದವುಗಳಲ್ಲಿ ಫ್ಲಾಶಿದೆ, ಕಣ್ಣು ಕಪ್ಪು. ಡಾಕ್ಟರು ಹಿಂದಿನ ದಿನದ ಫೋಟೋವನ್ನು ದೊಡ್ಡದು ಮಾಡಿ, ಮಗುವಿನ ಮುಖದ ಪಕ್ಕ ಹಿಡಿದು ನೋಡಿ, ಇದು ಕ್ಯಾಮೆರಾ ಕಂಡ ಕಣ್ಣಲ್ಲಮ್ಮ, ಯಾರೋ ಮಾಡಿದ ಕಣ್ಣು ಅಂದರಂತೆ.

ಆ ದಿನ ಮೇಡಮ್ಮು ಊರಲ್ಲಿರಲಿಲ್ಲ. ತಾಯಿ ಅವರಿಗೆ ಫೋನು ಮಾಡಿದಳು. ಅವರು ನಾವು ಬರೀ ಬೆಳಕು ಹೆಚ್ಚು ಕಡಿಮೆ ಮಾಡುತ್ತೇವೆ ಅಷ್ಟೇ ಅಂದರು. ಕೂಡಲೇ ಬಾಚಣಿಗೆಗೆ ಅವರಿಂದ ಫೋನು ಬಂತು. ಅವಳು ಕೆಲಸ ಮುಗಿಸಿ ಮನೆಗೆ ಬಂದಿದ್ದಳು, ಶಿಶುವಿಹಾರದ ಫೋನು ಅವಳ ಬಳಿಯೇ ಇತ್ತು. ಫೋನಿನೊಳಗೆ ಉಳಿದಿರುವ ತಿದ್ದದೇ ಇರುವ ಫೋಟೋ ಎಲ್ಲ ಅಳಿಸಿಬಿಡು, ಬೆಳಿಗ್ಗೆ ಫೋನು ತಂದುಕೊಡು ಅಂದರು. ಯಾಕೆ ಮೇಡಮ್ ಅಂತ ಇವಳು ಕೇಳಿದಳು. ಬುಗುರಿಯ ಕಣ್ಣು ತೆಗೆಯುವ ಸುದ್ದಿ ಅವಳಿಗೆ ಗೊತ್ತಾದದ್ದು ಹಾಗೆ, ಅಳಿಸು ಅನ್ನುವ ಮಾತಿನ ಬಾಲದಲ್ಲಿ.

ನೀರು ಕೊಟ್ಟೆ, ಕುಡಿಯಲಿಲ್ಲ. ಅಳಿಸಬೇಡ, ಏನಾದರಾಗಲಿ ಅಂದೆ. ಅವಳು ಫೋನನ್ನು ಎರಡು ಕೈಯಲ್ಲೂ ಹಿಡಿದುಕೊಂಡು ಕೂತಳು. ಅಷ್ಟರಲ್ಲೇ ಕೌಂಟರಿನವಳು ಮನೆ ಹುಡುಕಿಕೊಂಡು ಬಂದಳು. ಆಸ್ಪತ್ರೆಯ ಬಟ್ಟೆಚೀಲ ಹೆಗಲಲ್ಲೇ ಇತ್ತು. ಮಗುವನ್ನು ತನ್ನ ಅಕ್ಕನ ಮನೆಯಲ್ಲಿ ಬಿಟ್ಟು ಬಂದಿದ್ದಳು. ಕೂಗಾಡುತ್ತಾಳೆ ಅಂದುಕೊಂಡಿದ್ದೆ. ಕೂಗಲಿಲ್ಲ. ನಿಜವಾದವು ಇದ್ದರೆ ಕೊಡಿ, ಯಾವಾಗಿಂದ ಇದೆ ಅಂತ ಡಾಕ್ಟರು ಕೇಳ್ತಿದ್ದಾರೆ ಅಂದಳು.

ಬಾಚಣಿಗೆ ಫೋನು ಕೊಟ್ಟುಬಿಟ್ಟಳು. ಕೆಲಸ ಹೋಗುತ್ತದೆ ಅಂತ ಗೊತ್ತಿದ್ದೇ ಕೊಟ್ಟಳು.

ನಮ್ಮ ಅಡುಗೆಮನೆಯ ನೆಲದ ಮೇಲೆ ಕೂತು ಆ ತಾಯಿ ಒಂದೊಂದೇ ಫೋಟೋ ನೋಡಿದಳು. ಅತ್ತ ಮುಖ, ಸಿಂಬಳದ ಮುಖ, ನಿದ್ದೆ ತೂಗುವ ಮುಖ, ಹಿಂದೆ ಉಬ್ಬಿದ ಗೋಡೆ. ತನ್ನ ಮಗಳ ಮಧ್ಯಾಹ್ನದ ನಿಜವಾದ ಮುಖವನ್ನು ಅವಳು ನೋಡಿದ್ದೇ ಆವತ್ತು. ಅವುಗಳಲ್ಲಿ ಮತ್ತೆ ಮತ್ತೆ ಆ ಚುಕ್ಕೆ. ಹಿಂದಕ್ಕೆ ಹೋದಂತೆ ಸಣ್ಣದಾಗುತ್ತ, ಚಳಿಯ ಶುರುವಿನವರೆಗೂ ಹೋಗಿ ಅಲ್ಲಿ ಸಾಸಿವೆಯಷ್ಟಾಗಿ ನಿಂತಿತು. ಎಲ್ಲವನ್ನೂ ತನ್ನ ಫೋನಿಗೆ ಕಳಿಸಿಕೊಂಡಳು. ಆಮೇಲೆ ತಲೆಯೆತ್ತಿ ಕೇಳಿದಳು.

"ಅವತ್ತು ನಾನು ಫೋಟೋ ತೋರಿಸಿದೆನಲ್ಲ ಆಂಟಿ, ನೆಟ್ಟಗೆ ನೋಡ್ತಿದ್ದಾಳೆ ಅಂತ. ಆಗ ನಿಮಗೆ ಗೊತ್ತಿತ್ತಾ?"

"ಕಾಯಿಲೆ ಅಂತ ಗೊತ್ತಿರಲಿಲ್ಲ ತಾಯಿ. ಆ ಕಣ್ಣು ನಾನು ಮಾಡಿಸಿದ್ದು ಅಂತ ಗೊತ್ತಿತ್ತು."

ಕೌಂಟರಿನವಳು ಶಿಶುವಿಹಾರದ ಫೋನನ್ನು ನೆಲದ ಮೇಲಿಟ್ಟು ಎದ್ದಳು. ಹೊಸ್ತಿಲಲ್ಲಿ ಚಪ್ಪಲಿ ಕಾಲಿಗೆ ಸಿಕ್ಕದೆ ಸ್ವಲ್ಪ ಹೊತ್ತು ತಡವರಿಸಿದಳು. ಮೆಟ್ಟಿಕೊಂಡು ಹೋದಳು.

ಕಣ್ಣು ತೆಗೆದರು. ಜೀವ ಉಳಿಯಿತು. ಶುರುವಿನಲ್ಲೇ ಬಂದಿದ್ದರೆ ಕಣ್ಣನ್ನೂ ಉಳಿಸುವ ದಾರಿ ಇರುತ್ತಿತ್ತೇನೋ ಅಂತ ಡಾಕ್ಟರು ಅಂದರಂತೆ. ಅವರು ಆಡಿ ಮರೆತ ಮಾತು ಅದು, ತಾಯಿಯ ತಲೆಯೊಳಗೆ ಹುಳದ ಹಾಗೆ ಸೇರಿಕೊಂಡಿತು.

ಫೋಟೋ ಕೊಟ್ಟ ಮರುದಿನ ಬೆಳಿಗ್ಗೆಯೇ ಬಾಚಣಿಗೆಯನ್ನು ಹೊರಹಾಕಿದ್ದರು. ಫೋನು ಕಸಿದುಕೊಂಡು ಒಳಗಿದ್ದುದನ್ನೆಲ್ಲ ಅಳಿಸಿಹಾಕಿದರು. ತಾಯಿ ಶಿಶುವಿಹಾರಗಳನ್ನು ನೋಡಿಕೊಳ್ಳುವ ಇಲಾಖೆಗೆ ದೂರು ಕೊಟ್ಟಳು. ಆಗ ಮೇಡಮ್ಮು ತೆಗೆದ ಬಾಣ ನೋಡಿ. ತಾಯಂದಿರ ಗ್ರೂಪಿಗೆ ಒಂದು ಮಗುವಿನ ಫೋಟೋ ಹಾಕಿದರು, ಎರಡೂ ಕಣ್ಣಲ್ಲಿ ಬಿಳಿ ಚುಕ್ಕೆ. ಅದರ ಕೆಳಗೆ, ಈ ಮಗುವಿಗೆ ಏನೂ ಆಗಿಲ್ಲ, ಈ ಚುಕ್ಕೆಯನ್ನು ನಾನು ಈಗ ಟೀ ಕುಡಿಯುತ್ತ ಕೂತಲ್ಲೇ ಹಾಕಿದೆ, ಈ ಕಾಲದಲ್ಲಿ ಯಾರು ಬೇಕಾದರೂ ಹಾಕಬಹುದು, ಆ ಹುಡುಗಿಯ ಫೋಟೋಕ್ಕೂ ಕೆಲಸದಿಂದ ತೆಗೆದ ಸಿಟ್ಟಿಗೆ ನಮ್ಮ ಆಯಾ ಹೀಗೇ ಹಾಕಿದ್ದಾಳೆ ಅಂತ ಬರೆದರು. ಅವಳು ಫೋಟೋ ಕೊಟ್ಟದ್ದು ಕೆಲಸ ಹೋಗುವ ಮುಂಚೆ. ಆದರೆ ಮುಂಚೆ ಯಾವುದು, ಆಮೇಲೆ ಯಾವುದು ಅಂತ ಕೂತು ನೋಡುವ ತಾಳ್ಮೆ ಯಾರಿಗಿದೆ? ತಾಯಂದಿರು ತಮ್ಮ ತಮ್ಮ ಮಕ್ಕಳ ನಗುವ ಫೋಟೋ ತೆರೆದು ನೋಡಿಕೊಂಡರು. ಆ ನಗು ಸುಳ್ಳು ಅಂತ ಒಪ್ಪಿಕೊಳ್ಳುವುದಕ್ಕಿಂತ ಒಬ್ಬ ಆಯಾ ಕಳ್ಳಿ ಅಂತ ಒಪ್ಪಿಕೊಳ್ಳುವುದು ಸುಲಭವಾಗಿತ್ತು.

ಇಲಾಖೆಯವನು ಬಾಚಣಿಗೆಯನ್ನು ಕಚೇರಿಗೆ ಕರೆಸಿದ. ನಾನೂ ಜೊತೆಗೆ ಹೋಗಿದ್ದೆ. ತಾಯಿ ಕೊಟ್ಟ ಎರಡು ಫೋಟೋಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಕನ್ನಡಕ ಏರಿಸಿದ, ಇಳಿಸಿದ. ಒಂದರಲ್ಲಿ ಚುಕ್ಕೆ, ಒಂದರಲ್ಲಿ ಇಲ್ಲ. ಎರಡೂ ಒಂದೇ ಥರ ಇವೆಯಲ್ಲಮ್ಮ, ಇದರಲ್ಲಿ ಹುಟ್ಟಿದ್ದು ಯಾವುದು, ಮಾಡಿದ್ದು ಯಾವುದು ಅಂತ ನಾನು ಹೇಗೆ ಹೇಳಲಿ ಅಂದ. ಕಾಯಿಲೆ ಇದ್ದದ್ದು ನಿಜವಲ್ಲವೇ ಸ್ವಾಮಿ ಅಂದೆ ನಾನು. ಕಾಯಿಲೆ ನಿಜ, ಅದು ಮೊದಲೇ ಫೋಟೋದಲ್ಲಿ ಕಂಡಿತ್ತೋ ಇಲ್ಲವೋ ಅನ್ನುವುದು ಪ್ರಶ್ನೆ ಅಂದ. ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ, ಅದೇ ಹೊಟ್ಟೆ ಉರಿಸುವ ವಿಷಯ.

ಈ ನಡುವೆ ಮೇಡಮ್ಮು ಆಸ್ಪತ್ರೆಗೆ ಹೋಗಿಬಂದು ಮಾಡುತ್ತಿದ್ದರು. ಹಣ್ಣು, ಆಟದ ಸಾಮಾನು. ತಾಯಿಯ ಕೈ ಹಿಡಿದು ಕೂರುವರಂತೆ. ಕಣ್ಣಲ್ಲಿ ಏನೂ ಕಾಣುತ್ತಲೇ ಇರಲಿಲ್ಲ, ನಿನಗೂ ಕಾಣಲಿಲ್ಲ, ನನಗೂ ಕಾಣಲಿಲ್ಲ, ಹೆತ್ತ ತಾಯಿಗೆ ಕಾಣದ್ದು ಯಾರಿಗೆ ಕಂಡೀತು, ನಿನ್ನದೇನೂ ತಪ್ಪಿಲ್ಲ ಅನ್ನುವರಂತೆ. ಆ ಕೊನೆಯ ಮಾತಿಗೆ ಎಷ್ಟು ತೂಕ ಅನ್ನುವುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಒಂದು ಮಧ್ಯಾಹ್ನ ಕೌಂಟರಿನವಳು ಮತ್ತೆ ನಮ್ಮ ಮನೆಗೆ ಬಂದಳು. ಗುರುತು ಸಿಗದಷ್ಟು ಇಳಿದುಹೋಗಿದ್ದಳು. ಕೂರು ಅಂದರೆ ಕೂರಲಿಲ್ಲ, ಬಾಗಿಲಿಗೆ ಒರಗಿ ನಿಂತಳು.

"ಆಂಟಿ, ಆ ಚುಕ್ಕೆ ನೀವೇ ಹಾಕಿದ್ದಾ?"

ಬಾಚಣಿಗೆಗೆ ಅರ್ಥವಾಗಲಿಲ್ಲ. "ನಾನು ತೆಗೆದಿದ್ದು ತಾಯಿ. ಹಾಕಿದ್ದಲ್ಲ."

"ಇಲ್ಲ, ಹಾಕಿದ್ದಿರಬೇಕು. ನೋಡಿ, ಅದು ಮೊದಲಿಂದ ಇದ್ದಿದ್ದೇ ನಿಜ ಆದರೆ, ಅವತ್ತು ನೀವು ಬಾಗಿಲಲ್ಲಿ ನಿಲ್ಲಿಸಿ ಹೇಳಿದ್ದೂ ನಿಜ. ನಾನು ಕೇಳಲಿಲ್ಲ. ನನ್ನ ಸೊಂಟದ ಮೇಲೇ ಇದ್ದಳು, ಅವಳ ಮುಖ ನೋಡೋದು ಬಿಟ್ಟು ಫೋಟೋ ನೋಡಿದೆ. ಇದನ್ನ ಇಟ್ಕೊಂಡು ನಾನು ಹೇಗೆ ಬದುಕಲಿ? ನೀವೇ ಹಾಕಿದ್ದು ಅಂತ ಹೇಳಿಬಿಡಿ ಆಂಟಿ. ನಿಮ್ಮ ಕಾಲಿಗೆ ಬೀಳ್ತೀನಿ."

ಅವಳು ನಿಜವಾಗಿಯೂ ಬಗ್ಗಿದಳು. ಬಾಚಣಿಗೆ ಅವಳ ಎರಡೂ ತೋಳು ಹಿಡಿದು ಎತ್ತಿದಳು. ಮುಖಕ್ಕೆ ಅಂಟಿದ್ದ ಕೂದಲನ್ನು ಬೆರಳಿನಿಂದ ಹಿಂದಕ್ಕೆ ಸರಿಸಿದಳು. ಅವಳ ಕೈ ಹಾಗೆ ಸರಿಸುವುದನ್ನು ಕಂಡಾಗಲೇ ನನಗೆ ಮುಂದಿನದು ಗೊತ್ತಾಯಿತು.

"ಹೌದು ಕಣಮ್ಮ" ಅಂದಳು. "ಸಿಟ್ಟಲ್ಲಿ ಹಾಕಿಬಿಟ್ಟೆ."

"ಏಯ್, ಏನು ಮಾತಾಡ್ತಿದ್ದೀಯ ನೀನು? ಅವಳ ಮಾತು ನಂಬಬೇಡಮ್ಮ, ನಾನಿದ್ದೆ ಇಲ್ಲಿ, ನನಗೆ ಚಳಿಗಾಲದಲ್ಲೇ ಹೇಳಿದ್ದಾಳೆ" ಅಂತ ನಾನು ಅಡ್ಡ ಬಂದೆ. ಕೌಂಟರಿನವಳು ನನ್ನ ಕಡೆ ತಿರುಗಲೇ ಇಲ್ಲ. ಬೇಕಾದದ್ದು ಕಿವಿಗೆ ಬಿದ್ದ ಮೇಲೆ ಇನ್ನೊಂದು ಯಾಕೆ ಬೀಳುತ್ತದೆ? ಅವಳ ಮುಖದ ಗಂಟುಗಳು ಒಂದೊಂದಾಗಿ ಸಡಿಲವಾದವು. ಆಮೇಲೆ ಆ ಸಡಿಲವಾದ ಜಾಗದಲ್ಲಿ ದ್ವೇಷ ತುಂಬಿಕೊಂಡಿತು.

"ನಿಮಗೆ ಒಳ್ಳೇದಾಗಲ್ಲ" ಅಂದು ಹೋದಳು.

ನಾನು ಬಾಚಣಿಗೆಯ ಮೇಲೆ ಹರಿಹಾಯ್ದೆ. ತ್ಯಾಗ ಮಾಡಿದೆ ಅಂದ್ಕೊಂಡಿದ್ದೀಯಾ, ಮತ್ತೆ ಅದೇ ಒರೆಸೋ ಕೆಲಸ ಮಾಡಿದೆ ಅಂದೆ. ಆ ತಾಯಿ ನಿದ್ದೆ ಮಾಡ್ಬೇಕಲ್ಲ ಅಕ್ಕ ಅಂದಳು.

"ಅವಳು ನಿದ್ದೆ ಮಾಡ್ತಾಳೆ. ನಾಳೆ ಆ ಕೋಣೆಯಲ್ಲಿ ಇನ್ನೊಂದು ಮಗುವಿನ ಕಣ್ಣಲ್ಲಿ ಚುಕ್ಕೆ ಬಂದ್ರೆ? ಅದನ್ನೂ ಫೋನು ಒರೆಸುತ್ತೆ. ಅದರ ತಾಯಿ ಯಾವಾಗ ನೋಡೋದು?"

ಇದು ಅವಳಿಗೆ ಹೊಳೆದಿರಲಿಲ್ಲ. ಕೌಂಟರಿನವಳು ಹೋದ ದಾರಿಯಲ್ಲಿ ಬರಿಗಾಲಲ್ಲಿ ಓಡಿದಳು. ಬಸ್ಸು ಹೊರಟಾಗಿತ್ತು.

ಸರಿಪಡಿಸಲು ಹೋಗಲಿಲ್ಲ ಅಂತಲ್ಲ. ಇಲಾಖೆಗೆ ಹೋಗಿ, ನಾನು ಆಡಿದ್ದು ಸುಳ್ಳು, ಚುಕ್ಕೆ ಇದ್ದದ್ದು ನಿಜ, ಅಲ್ಲಿ ಈಗಲೂ ತಿದ್ದುತ್ತಿದ್ದಾರೆ ಅಂದಳು. ಅಷ್ಟರಲ್ಲಿ ತಾಯಿ, ಆಯಾನೇ ಹಾಕಿದ್ದು ಅಂತ ಒಪ್ಪಿಕೊಂಡಿದ್ದಾಳೆ ಅಂತ ಬರೆದುಕೊಟ್ಟು, ದೂರು ಹಿಂದಕ್ಕೆ ತೆಗೆದುಕೊಂಡಿದ್ದಳು. ಆ ಮನುಷ್ಯ ಬೈಯಲಿಲ್ಲ. ಒಂದು ದಿನ ತೆಗೆದೆ ಅಂತೀರಿ, ಒಂದು ದಿನ ಹಾಕಿದೆ ಅಂತೀರಿ, ಈಗ ಮತ್ತೆ ತೆಗೆದೆ ಅಂತೀರಿ, ಮನೆಗೆ ಹೋಗಿ ವಿಶ್ರಾಂತಿ ತಗೊಳ್ಳಿ ಅಮ್ಮ ಅಂದ. ಶಿಶುವಿಹಾರದ ಬಾಗಿಲಲ್ಲಿ ನಿಂತು ತಾಯಂದಿರಿಗೆ ಹೇಳಲು ಹೋದಳು. ಅವಳನ್ನು ಕಂಡು ಅವರು ಮಕ್ಕಳನ್ನು ಇನ್ನೊಂದು ಕಡೆಯ ಸೊಂಟಕ್ಕೆ ಬದಲಾಯಿಸಿಕೊಂಡು ನಡೆದರು. ಅವಳು ಒರೆಸಿ ಬೆಳೆಸಿದ ಮಕ್ಕಳವು.

ಅಲ್ಲಿ ಈಗಲೂ ಮಧ್ಯಾಹ್ನದ ಫೋಟೋ ಹೋಗುತ್ತದೆ. ಹೊಸ ಆಯಾ ಚುರುಕಂತೆ. ಈಗ ಬಾಯಲ್ಲಿ ಹೇಳುವ ಅಗತ್ಯವೂ ಇಲ್ಲ, ತೆಗೆಯುವಾಗಲೇ ಫೋನು ತಾನಾಗಿ ತಿದ್ದಿಕೊಳ್ಳುತ್ತದಂತೆ, ತಿದ್ದದೇ ಇರುವ ಫೋಟೋ ಅನ್ನುವುದು ಒಳಗೆ ಉಳಿಯುವುದೇ ಇಲ್ಲವಂತೆ. ಮಕ್ಕಳ ಹತ್ತಿರದ ಕೆಲಸ ನಮ್ಮವಳಿಗೆ ಇನ್ನೆಲ್ಲೂ ಸಿಗಲಿಲ್ಲ. ಬಟ್ಟೆ ಒಗೆಯುವ ಕಾರ್ಖಾನೆಯಲ್ಲಿ ಆಸ್ಪತ್ರೆಯ ಹಾಸಿಗೆಬಟ್ಟೆ ಮಡಿಸುತ್ತಾಳೆ. ಸಂಜೆ ಬಂದು ಹೇಳುವುದಕ್ಕೆ ಏನೂ ಇರುವುದಿಲ್ಲ.

ಕೌಂಟರಿನವಳು ಮಗುವನ್ನು ಯಾರ ಬಳಿಯೂ ಬಿಡದೆ ಕೆಲಸಕ್ಕೇ ಕರೆದೊಯ್ಯುತ್ತಾಳೆ ಅಂತ ಯಾರೋ ಅಂದರು. ಹೋದ ವಾರ ಬಾಚಣಿಗೆ ಬಸ್ ನಿಲ್ದಾಣಕ್ಕೆ ಹೋದಳು. ಹತ್ತಿರ ಹೋಗಿ ಮಾತಾಡಿಸುವ ಮುಖವಿಲ್ಲ. ಟಿಕೆಟಿನ ಸಾಲಿನಲ್ಲಿ ನಿಂತಳು. ಸರದಿ ಬಂದಾಗ ಗಾಜಿನ ಆ ಕಡೆ ತಾಯಿ ತಲೆಯೆತ್ತಿದಳು, ಗುರುತು ಹಿಡಿದಳು, ಎಲ್ಲರನ್ನೂ ಕೇಳುವ ದನಿಯಲ್ಲೇ ಎಲ್ಲಿಗೆ ಅಂದಳು. ಕೊನೇ ಸ್ಟಾಪಿಗೆ ಒಂದು ಅಂದಳು ಇವಳು. ಗಾಜಿನೊಳಗೆ, ತಾಯಿಯ ಪಕ್ಕ, ಪೆಟ್ಟಿಗೆಯ ಮೇಲೆ ಬುಗುರಿ ಕೂತಿದ್ದಳು. ಟಿಕೆಟು ಹರಿದು ಈಚೆ ಬರುವಷ್ಟು ಹೊತ್ತು ನೋಡಲು ಸಿಕ್ಕಿತು. ಹಿಂದಿನವರು ಬೇಗ ಬೇಗ ಅಂತ ದೂಡಿದರು.

ಮನೆಗೆ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಹೇಗಿದ್ದಾಳೆ ಅಂತ ಕೇಳಿದೆ.

"ಎಡಗಣ್ಣು ಮಾಡಿಸಿ ಹಾಕಿದ್ದಾರೆ. ಅಲುಗಾಡಲ್ಲ" ಅಂದಳು. ಲೋಟಕ್ಕೆ ನೀರು ಬಗ್ಗಿಸಿಕೊಳ್ಳುತ್ತ, "ಸರಿಯಾಗಿ ಊಟ ಮಾಡ್ತಿಲ್ಲ ಅಕ್ಕ ಅವಳು. ಕೆನ್ನೆ ಇಳಿದಿದೆ" ಅಂದಳು.

ಅದನ್ನು ಹೋಗಿ ಹೇಳಬಹುದಾದವರು ಯಾರೂ ಇರಲಿಲ್ಲ.